‘ಬೇಕು’ ಎನ್ನಲು ನಾಚಿಕೆ ಏಕೆ?

ಈಚೆಗೆ ನಮ್ಮ ಕಾಲೇಜಿನಲ್ಲಿ ಒಂದು ದಿನದ ಶಿಬಿರ ನಡೆಯಿತು. ಹಳ್ಳಿಯಿಂದ ಬರುವ ಹುಡುಗರಿಗೆ ಇಂಗ್ಲಿಷಿನಲ್ಲಿ ಮಾತನಾಡುವ ಧೈರ್ಯ ತುಂಬುವುದು ಅದರ ಉದ್ದೇಶ. ಉದ್ದೇಶದ ವಿಷಯದಲ್ಲಿ ನನ್ನ ತಕರಾರೇನೂ ಇಲ್ಲ. ಮಾಗಡಿಯಿಂದ, ಕನಕಪುರದಿಂದ, ಚನ್ನಪಟ್ಟಣದ ಆಚೆಯ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದು ರಾಮನಗರಕ್ಕೆ ಬರುವ ಮಕ್ಕಳು ಇಂಗ್ಲಿಷನ್ನೂ ಚೆನ್ನಾಗಿ ಕಲಿತು ಬೆಂಗಳೂರಿನ ಕಚೇರಿಗಳಲ್ಲಿ ತಲೆಯೆತ್ತಿ ನಿಲ್ಲಲಿ ಎಂದು ಹಾರೈಸುವವರಲ್ಲಿ ಕನ್ನಡದ ಮೇಷ್ಟ್ರಾದ ನಾನೂ ಒಬ್ಬ. ಆದ್ದರಿಂದಲೇ ಕರೆದೊಡನೆ ಹೋಗಿ ಮುಂದಿನ ಸಾಲಿನಲ್ಲಿಯೇ ಕುಳಿತೆ.

ತರಬೇತಿ ಕೊಡಲು ಬಂದಿದ್ದ ಮಹನೀಯರು ಚುರುಕಾದ ಮನುಷ್ಯ. ಮಾತಿನಲ್ಲಿ ಲವಲವಿಕೆ ಇತ್ತು. ಅವರು ಕರಿಹಲಗೆಯ ಮೇಲೆ ಎರಡು ಮಾತುಗಳನ್ನು ಬರೆದರು: ವಾಂಟ್, ನೀಡ್. ಮಾಗಡಿ ತಾಲೂಕಿನ ಒಬ್ಬ ಹುಡುಗನನ್ನು ಎಬ್ಬಿಸಿ, ಇವೆರಡಕ್ಕೂ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಪ್ಪಾ ಎಂದು ಕೇಳಿದರು. ಹುಡುಗ ಒಂದು ಕ್ಷಣ ಯೋಚಿಸಿ, “ಎರಡಕ್ಕೂ ಬೇಕು ಅಂತೀವಿ ಸಾರ್” ಎಂದ. ಸಭೆ ನಕ್ಕಿತು. ಮಹನೀಯರೂ ನಕ್ಕರು. ನಗು ನಿಂತ ಮೇಲೆ ಅವರು ಹೇಳಿದ್ದರ ಸಾರ ಇದು: ಆಸೆಗೂ ಅಗತ್ಯಕ್ಕೂ ಒಂದೇ ಮಾತು ಇಟ್ಟುಕೊಂಡ ಜನ ಆಸೆಯನ್ನೂ ಅಗತ್ಯವನ್ನೂ ಬೇರ್ಪಡಿಸುವುದನ್ನು ಎಂದಿಗೂ ಕಲಿಯುವುದಿಲ್ಲ, ಸಾಲ ಮಾಡಿ ಮದುವೆ ಮಾಡುವುದೂ, ದುಡಿಮೆಗೆ ಮೀರಿದ ಮೊಬೈಲು ಕೊಳ್ಳುವುದೂ ಇದರಿಂದಲೇ, ಮೇಲಾಗಿ ‘ಬೇಕು’ ಎನ್ನುವುದು ಒರಟು ಮಾತು, ಸಭ್ಯರ ನಡುವೆ ಸಲ್ಲದು. ಹುಡುಗ ಕುಳಿತುಕೊಂಡ. ಆಮೇಲೆ ಸಂಜೆಯವರೆಗೆ ಅವನು ಬಾಯಿ ಬಿಡಲಿಲ್ಲ.

ನಾನೂ ಬಿಡಲಿಲ್ಲ. ಹಳಗನ್ನಡ ವ್ಯಾಕರಣವನ್ನು ಇಪ್ಪತ್ತು ವರ್ಷ ಪಾಠ ಹೇಳಿದವನು, ಅತಿಥಿಗಳ ಎದುರು ವಾದ ಬೇಡವೆಂದು ಸುಮ್ಮನೆ ಕುಳಿತೆ. ಅಂದು ಹೇಳಬೇಕಾಗಿದ್ದುದನ್ನು ಈಗ ಹೇಳುತ್ತಿದ್ದೇನೆ. ತಡವಾದದ್ದನ್ನು ಆ ಹುಡುಗ ಕ್ಷಮಿಸಬೇಕು.

ಮೊದಲು ಮಹನೀಯರು ಅಷ್ಟು ಹೆಮ್ಮೆಯಿಂದ ಬರೆದ ‘ವಾಂಟ್’ ಎಂಬ ಮಾತಿನ ವಂಶಾವಳಿಯನ್ನೇ ನೋಡೋಣ. ಅದು ಹುಟ್ಟು ಇಂಗ್ಲಿಷ್ ಮಾತಲ್ಲ. ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದು ಅಲ್ಲೇ ನೆಲಸಿದ ಉತ್ತರದ ಕಡಲಿಗರು ತಂದ ಮಾತು. ಅವರ ನುಡಿಯಲ್ಲಿ ಅದಕ್ಕೆ ‘ಇಲ್ಲದಿರು’, ‘ಕೊರತೆಯಾಗು’ ಎಂದು ಅರ್ಥ. ಆಸೆಯ ಸುಳಿವೇ ಅದರಲ್ಲಿ ಇರಲಿಲ್ಲ. ಇಂಗ್ಲಿಷಿಗೆ ಬಂದ ಮೇಲೂ ಶತಮಾನಗಳ ಕಾಲ ಅದು ಕೊರತೆಯನ್ನೇ ಹೇಳುತ್ತಿತ್ತು. ಷೇಕ್ಸ್‌ಪಿಯರನ ಪಾತ್ರಗಳು ಆ ಮಾತನ್ನಾಡಿದರೆ ತಮ್ಮಲ್ಲಿ ಏನೋ ಇಲ್ಲವೆಂದು ತಿಳಿಯಬೇಕೇ ಹೊರತು ಏನೋ ಆಸೆಯೆಂದಲ್ಲ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿಯೂ ಹಾಗೆಯೇ. ಆಸೆಯ ಅರ್ಥ ಅದಕ್ಕೆ ಅಂಟಿ ಬಲಿತದ್ದು ಹದಿನೆಂಟನೆಯ ಶತಮಾನದಲ್ಲಿ. ಅದಕ್ಕೂ ಹಿಂದೆ ಆಸೆಯನ್ನು ಹೇಳುತ್ತಿದ್ದ ಕ್ರಿಯಾಪದ ಯಾವುದು? ‘ವಿಲ್’. ಅದು ಇಂದು ಭವಿಷ್ಯತ್ಕಾಲದ ಊರುಗೋಲಾಗಿ ಬದುಕಿದೆ. ಆಸೆಯನ್ನು ಹೇಳುತ್ತಿದ್ದ ಮಾತು ಕಾಲವನ್ನು ಹೇಳತೊಡಗಿತು. ಕೊರತೆಯನ್ನು ಹೇಳುತ್ತಿದ್ದ ಮಾತು ಆಸೆಯ ಗಾದಿಗೆ ಏರಿತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬಾಳುವ ಭಾಷೆಯೆಲ್ಲದರ ಕತೆಯೂ ಇಷ್ಟೇ. ಆದರೆ ಆಸೆ ಬೇರೆ, ಅಗತ್ಯ ಬೇರೆ ಎಂದು ಆ ಭಾಷೆ ಹುಟ್ಟುವಾಗಲೇ ಗೆರೆ ಎಳೆದುಕೊಂಡು ಬಂದಿತೆನ್ನುವುದು ಮಾತ್ರ ಸುಳ್ಳು.

ಇಂದಿಗೂ ಆ ಗೆರೆ ನೇರವಾಗಿಲ್ಲ. ಗೋಡೆಗೆ ಬಣ್ಣ ಬಳಿಯಬೇಕಾಗಿದೆ ಎನ್ನುವುದಕ್ಕೆ ಇಂಗ್ಲೆಂಡಿನವರು ಗೋಡೆಯೇ ಬಣ್ಣವನ್ನು ವಾಂಟ್ ಮಾಡುತ್ತಿದೆ ಎನ್ನುತ್ತಾರೆ. ಗೋಡೆಗೆ ಆಸೆ ಹುಟ್ಟಿತೆ? ಸಾಕ್ಷ್ಯದ ಕೊರತೆಯಿಂದ ಆರೋಪಿ ಬಿಡುಗಡೆಯಾದರೆ ಅಲ್ಲಿಯೂ ಇದೇ ಮಾತು. 1941ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರು ಮನುಷ್ಯನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕೆಂದು ಸಾರಿದರು. ಅವುಗಳಲ್ಲಿ ಒಂದು ‘ವಾಂಟ್’ನಿಂದ ಬಿಡುಗಡೆ, ಎಂದರೆ ಇಲ್ಲದಿರುವಿಕೆಯಿಂದ, ಬಡತನದಿಂದ ಬಿಡುಗಡೆ. ಇದನ್ನು ಒಮ್ಮೆ ತರಗತಿಯಲ್ಲಿ ಅನುವಾದಕ್ಕೆ ಕೊಟ್ಟಿದ್ದೆ. ನಲವತ್ತು ಮಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ‘ಬಯಕೆಯಿಂದ ಮುಕ್ತಿ’ ಎಂದು ಬರೆದುಕೊಟ್ಟರು. ಜನರಿಗೆ ಅನ್ನ ಸಿಗಲೆಂದ ರಾಜಕಾರಣಿ ನಮ್ಮ ಹುಡುಗರ ಕೈಯಲ್ಲಿ ಬೋಧಿವೃಕ್ಷದ ಕೆಳಗೆ ಕುಳಿತ ಬುದ್ಧನಾಗಿಬಿಟ್ಟ! ತಪ್ಪು ಹುಡುಗರದಲ್ಲ. ವಾಂಟ್ ಎಂದರೆ ಬಯಸು, ಬಯಸು ಎಂದರೆ ವಾಂಟ್ ಎಂದು ನಾವು ಒಂದನೆಯ ತರಗತಿಯಿಂದ ಗಿಳಿಪಾಠ ಮಾಡಿಸಿದ್ದೇವೆ.

ಇನ್ನು ನಮ್ಮ ‘ಬೇಕು’. ಇದಕ್ಕೆ ಮೂಲ ‘ಬೇಳ್’ ಎಂಬ ಧಾತು. ಕೋರು, ಹಂಬಲಿಸು ಎಂದು ಅರ್ಥ. ಇದರ ನಂಟಿನಲ್ಲೇ ‘ಬೇಡು’ ಇದೆ, ‘ಬೇಡಿಕೆ’ ಇದೆ, ‘ಬೇಡ’ವೂ ಇದೆ. ಹಳಗನ್ನಡದಲ್ಲಿ ‘ಕುಂ’ ಅಥವಾ ‘ಗುಂ’ ಎಂಬ ಒಂದು ಪ್ರತ್ಯಯ ಉಂಟು. ಅದು ನಾನು, ನೀನು, ಅವನು ಎಂಬ ಭೇದವನ್ನೆಣಿಸದೆ ಎಲ್ಲರಿಗೂ ಒಂದೇ ರೂಪದಲ್ಲಿ ನಿಲ್ಲುತ್ತದೆ. ಬೇಳ್ ಮುಂದೆ ಅದು ಬಂದು ‘ಬೇಳ್ಕುಂ’. ಅದು ಜನರ ಬಾಯಲ್ಲಿ ಸವೆದು ‘ಬೇಕು’. ಇದರ ಜೊತೆಯಲ್ಲೇ ಇನ್ನೊಂದು ಮಾತು ಇದೇ ಅಚ್ಚಿನಲ್ಲಿ ಎರಕವಾಗಿದೆ. ಸಾಲುವುದು ಎಂಬರ್ಥದ ‘ಸಾಲ್’ ಧಾತುವಿಗೆ ಅದೇ ಪ್ರತ್ಯಯ ಸೇರಿ ಸವೆದದ್ದು ‘ಸಾಕು’. ಬೇಕು, ಸಾಕು ಎರಡೂ ಒಂದೇ ತೊಟ್ಟಿಲಲ್ಲಿ ಬೆಳೆದ ಮಕ್ಕಳು. ಪ್ರಾಸಕ್ಕಾಗಿ ಯಾರೋ ಕವಿ ಕಟ್ಟಿದ್ದಲ್ಲ. ಆಸೆಗೆ ಕಡಿವಾಣವಿಲ್ಲದ ಜನರೆಂದು ನಮ್ಮನ್ನು ಜರೆದ ಮಹನೀಯರಿಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು. ನಮ್ಮ ಪಂಕ್ತಿಯಲ್ಲಿ ಕುಳಿತು ಒಮ್ಮೆ ಉಂಡು ನೋಡಿದ್ದರೂ ತಿಳಿಯುತ್ತಿತ್ತು. ಬಡಿಸುವವರು ಸೌಟು ಎತ್ತಿದ ಕೂಡಲೇ ಎಲೆಯ ಮೇಲೆ ಕೈ ಅಡ್ಡ ಬರುತ್ತದೆ: “ಸಾಕು ಕಣವ್ವ, ಸಾಕು!”

ಒಂದೇ ಮಾತಿದೆ ಎನ್ನುವ ಆಕ್ಷೇಪಣೆಗೆ ಬರೋಣ. ಕನ್ನಡ ಭೇದವನ್ನು ಮಾಡುವುದಿಲ್ಲವೆ? ಮಾಡುತ್ತದೆ, ಮಾತಿನ ತಲೆಯಲ್ಲಿ ಮಾಡುವುದಿಲ್ಲ, ಬಾಲದಲ್ಲಿ ಮಾಡುತ್ತದೆ. ‘ಹೋಗಬೇಕು’ ಎಂದರೆ ಆಸೆಯೂ ಇರಬಹುದು, ಕರ್ತವ್ಯವೂ ಇರಬಹುದು, ಒಪ್ಪಿದೆ. ಆದರೆ ‘ಹೋಗಬೇಕೆನಿಸುತ್ತದೆ’ ಎಂದರೆ ಬರಿಯ ಆಸೆ. ‘ಹೋಗಬೇಕೆಂದಿದ್ದೇನೆ’ ಎಂದರೆ ಆಸೆ ಸಂಕಲ್ಪವಾಯಿತು. ‘ಹೋಗಬೇಕಾಗಿದೆ’ ಎಂದರೆ ಅಗತ್ಯ. ಮನಸ್ಸು ಇರಲಿ ಬಿಡಲಿ. ‘ಹೋಗಬೇಕಾಯಿತು’ ಎನ್ನುವಲ್ಲಿ ಒಂದು ನಿಟ್ಟುಸಿರು ಕೇಳಿಸುತ್ತದೆ. ‘ಹೋಗಬೇಕಾಗಿತ್ತು’ ಎಂದವನು ಹೋಗದೆ ಉಳಿದು ಈಗ ಪಶ್ಚಾತ್ತಾಪಪಡುತ್ತಿದ್ದಾನೆ. ‘ಹೋಗಿರಬೇಕು’ ಎಂಬುದಂತೂ ಆಸೆಯೂ ಅಲ್ಲ, ಅಗತ್ಯವೂ ಅಲ್ಲ, ಬರಿಯ ಊಹೆ. ಇಷ್ಟು ಬಣ್ಣಗಳನ್ನು ಕೂಲಿಗೆ ಹೋಗುವ ನಮ್ಮ ಹೆಂಗಸರು ದಿನಕ್ಕೆ ನೂರು ಸಲ ಎಡವದೆ ಬಳಸುತ್ತಾರೆ. ಕರಿಹಲಗೆಯ ಮೇಲೆ ಎರಡು ಮಾತು ಬರೆದವರಿಗೆ ಈ ಏಳು ಕಾಣಲಿಲ್ಲ, ಏಕೆಂದರೆ ಅವರು ನಿಘಂಟಿನಲ್ಲಿ ಹುಡುಕಿದರು, ಬಾಯಲ್ಲಿ ಹುಡುಕಲಿಲ್ಲ.

ಇದಲ್ಲದೆ ಇನ್ನೂ ಎಷ್ಟೋ ಉಂಟು. ‘ನಮಗೆ ಬೇಕಾದವರು’ ಎಂದರೆ ಹತ್ತಿರದ ನಂಟರು, ಆಪ್ತರು. ‘ಪೊಲೀಸರಿಗೆ ಬೇಕಾದವನು’ ಎಂದರೆ ಬೇರೆಯೇ ತರಹದ ಆಪ್ತ. ‘ಬೇಕೆಂತಲೇ ಮಾಡಿದ’ ಎಂದರೆ ತಿಳಿದು ತಿಳಿದು ಮಾಡಿದ. ‘ಬೇಕಾದಷ್ಟಿದೆ’ ಎಂದರೆ ಹೇರಳವಾಗಿದೆ ಎಂದು. ಇಂಗ್ಲಿಷರಿಗೆ ಬೇಕಾದಷ್ಟೇ ಇದ್ದರೆ ಅದು ಅಳೆದಿಟ್ಟ ಲೆಕ್ಕ. ನಮಗೆ ಬೇಕಾದಷ್ಟಿದ್ದರೆ ಅದು ಸಮೃದ್ಧಿ! ಆಸೆಬುರುಕರ ಭಾಷೆಯ ಲಕ್ಷಣವೇ ಇದು? ಮರ ಹತ್ತಿ ಬಿದ್ದು ಮೊಣಕಾಲು ತರಚಿಕೊಂಡು ಬಂದ ಮಗನಿಗೆ ತಾಯಿ ಅರಿಶಿನ ಹಚ್ಚುತ್ತ, “ಬೇಕಿತ್ತಾ ನಿನಗೆ ಇದು?” ಎನ್ನುತ್ತಾಳಲ್ಲ, ಆಸೆಯನ್ನೂ ಅಗತ್ಯವನ್ನೂ ತೂಗಿ ನೋಡುವ ತಕ್ಕಡಿ ಅದಕ್ಕಿಂತ ಸೂಕ್ಷ್ಮವಾದದ್ದು ಯಾವ ಅರ್ಥಶಾಸ್ತ್ರದಲ್ಲಿದೆ?

ಎರಡನೆಯ ಆಕ್ಷೇಪಣೆ, ‘ಬೇಕು’ ಒರಟು ಎಂಬುದು. ಇದರಲ್ಲಿ ಅರ್ಧ ಕಾಳಷ್ಟು ಸತ್ಯವಿದೆ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ನಮ್ಮ ಕಡೆ ಮನೆಗೆ ಬಂದವರನ್ನು “ಕಾಫಿ ಬೇಕಾ?” ಎಂದು ಕೇಳಿದರೆ, ಕೊಡುವ ಮನಸ್ಸಿಲ್ಲದ ಮನೆ ಎಂದು ಬಂದವರು ತಿಳಿದುಕೊಳ್ಳುತ್ತಾರೆ. ಕೇಳದೆ ತಂದಿಡುವುದು ಮರ್ಯಾದೆ. ‘ಅಯ್ಯೋ ಬೇಡವಾಗಿತ್ತು’ ಎನ್ನುತ್ತ ಕುಡಿಯುವುದು ಪ್ರತಿಮರ್ಯಾದೆ. ಆದರೆ ಈ ಒರಟುತನ ಮಾತಿನದಲ್ಲ, ಆ ಪ್ರಶ್ನೆಯದು. ನಮ್ಮ ಭಾಷೆಯ ಅತ್ಯಂತ ವಿನಯದ ವಾಕ್ಯಗಳನ್ನು ನೆನಪು ಮಾಡಿಕೊಳ್ಳಿ. ‘ಬರಬೇಕು, ಬರಬೇಕು’ ಎಂದು ಬಾಗಿಲಿಗೆ ಬಂದು ಎದುರುಗೊಳ್ಳುತ್ತೇವೆ. ‘ದಯಮಾಡಿಸಬೇಕು’ ಎಂದು ಕರೆಯುತ್ತೇವೆ. ‘ಕ್ಷಮಿಸಬೇಕು’ ಎಂದು ತಲೆ ತಗ್ಗಿಸುತ್ತೇವೆ. ಲಗ್ನಪತ್ರಿಕೆಯಲ್ಲಿ ಹಿರಿಯರು ಬಂದು ವಧೂವರರನ್ನು ಆಶೀರ್ವದಿಸಬೇಕು ಎಂದು ಅಚ್ಚು ಹಾಕಿಸುತ್ತೇವೆ. ಇವೆಲ್ಲವೂ ನಿಂತಿರುವುದು ಅದೇ ಒರಟೆನಿಸಿಕೊಂಡ ‘ಬೇಕು’ವಿನ ಹೆಗಲ ಮೇಲೆ! ಈ ಲೇಖನದ ಮೊದಲಲ್ಲಿ ನಾನೇ ಆ ಹುಡುಗನಲ್ಲಿ ಕ್ಷಮೆ ಬೇಡಿದ್ದು ಯಾವ ಮಾತಿನಿಂದ ಎಂದು ಬೇಕಿದ್ದರೆ ವಾಚಕರು ಹಿಂತಿರುಗಿ ನೋಡಬಹುದು.

ಬೇಕು ಎನ್ನುವುದಕ್ಕೆ ನಾಚಿದ ಸಭ್ಯರು ಅದರ ಬದಲಿಗೆ ಏನು ತಂದಿದ್ದಾರೆ? ‘ಬಯಸುತ್ತೇನೆ’ ಮತ್ತು ‘ಇಷ್ಟಪಡುತ್ತೇನೆ’. ಟಿ.ವಿ. ಹಾಕಿದರೆ ಸಾಕು, ‘ಈ ಸಂದರ್ಭದಲ್ಲಿ ಹೇಳಲು ಬಯಸುತ್ತೇನೆ’, ‘ತಿಳಿಸಲು ಇಷ್ಟಪಡುತ್ತೇನೆ’. ಮಹಾರಾಯರೆ, ಬಯಸುವುದಾದರೆ ಹೇಳಿಬಿಡಿ, ತಡೆದವರು ಯಾರು? ಒಮ್ಮೆ ಒಂದು ಶೋಕಸಭೆಯಲ್ಲಿ ಭಾಷಣಕಾರರೊಬ್ಬರು ಗದ್ಗದ ಕಂಠದಿಂದ, ಮೃತರ ಕುಟುಂಬಕ್ಕೆ ‘ಸಂತಾಪ ಸೂಚಿಸಲು ಇಷ್ಟಪಡುತ್ತೇನೆ’ ಎಂದರು. ಸಂತಾಪ ಸೂಚಿಸುವುದೆಂದರೆ ಅವರಿಗೆ ಬಲು ಇಷ್ಟವೆಂದೇ ಕನ್ನಡದಲ್ಲಿ ಅದರ ಅರ್ಥ. ಜನ ನಗಲಿಲ್ಲ, ಈಗ ಇಂಥದು ಕಿವಿಗೆ ಒಗ್ಗಿಹೋಗಿದೆ. ಕೈಯಲ್ಲಿರುವ ಮೊಬೈಲು, ‘ಇದನ್ನು ಅಳಿಸಲು ನೀವು ಬಯಸುವಿರಾ?’ ಎಂದು ಪುರಾಣದ ದೇವತೆಯ ಹಾಗೆ ಕೇಳುತ್ತದೆ. ‘ಅಳಿಸಲೆ?’ ಎಂದರೆ ನಾಲ್ಕೇ ಅಕ್ಷರದಲ್ಲಿ ಮುಗಿಯುತ್ತಿತ್ತು. ‘ರಸೀದಿ ಬೇಕೆ?’ ಎಂದರೆ ಕಿರಾಣಿ ಅಂಗಡಿಯವನಿಗೂ ಅರ್ಥವಾಗುತ್ತದೆ. ‘ರಸೀದಿಯನ್ನು ಪಡೆಯಲು ಬಯಸುವಿರಾ’ ಎಂದರೆ ನಮ್ಮ ಅಜ್ಜಿ ಯಂತ್ರಕ್ಕೆ ಕೈಮುಗಿದಾಳು.

ನಾನೂ ಈ ರೋಗದಿಂದ ಪಾರಾದವನಲ್ಲ. ಎಂ.ಎ. ಮುಗಿಸಿದ ಹೊಸದರಲ್ಲಿ ಊರಿನ ದೇವಸ್ಥಾನದ ಸಮಾರಂಭಕ್ಕೆ ಸ್ವಾಗತಪತ್ರ ಬರೆದು ತಾಯಿಗೆ ಓದಿ ಹೇಳಿದೆ. ‘ತಮ್ಮೆಲ್ಲರ ಸಹಕಾರವನ್ನು ಬಯಸುತ್ತೇನೆ’ ಎಂಬಲ್ಲಿಗೆ ಬಂದಾಗ ಆಕೆ ಸೆರಗನ್ನು ಬಾಯಿಗಡ್ಡ ಹಿಡಿದು ನಗತೊಡಗಿದಳು. “ಬಯಕೆ ಹುಟ್ಟೋಕೆ ನೀನೇನ್ ಬಸ್ರಿ ಹೆಂಗ್ಸೇನ್ಲಾ?” ಎಂದಳು. ಮಾಗಡಿಯ ಕಡೆಯ ಆಕೆಯ ಕನ್ನಡದಲ್ಲಿ ಬಯಕೆ ಎಂದರೆ ಬಸುರಿಗೆ ಹುಟ್ಟುವುದು: ಹುಣಸೆಹಣ್ಣು, ಮಾವಿನಕಾಯಿ, ಮಣ್ಣಿನ ವಾಸನೆ. ಅದನ್ನು ತೀರಿಸುವುದು ತೌರಿನವರ ಧರ್ಮ, ಅದಕ್ಕೆ ಬಯಕೆಯ ಊಟವೇ ಉಂಟು. ಉಳಿದವರ ಆಸೆಗೆಲ್ಲ ‘ಬೇಕು’ ಸಾಲುತ್ತದೆ. ಬಯಸು ಒಳ್ಳೆಯ ಹಳೆಯ ಕನ್ನಡ ಮಾತು. ಪಂಪನಿಂದ ಇಂದಿನವರೆಗೆ ಕವಿಗಳು ಅದನ್ನು ಮುತ್ತಿನಂತೆ ಬಳಸಿದ್ದಾರೆ. ಮುತ್ತನ್ನು ಗೋಡೆಗೆ ಇಟ್ಟಿಗೆಯಾಗಿ ಜೋಡಿಸಬಾರದು ಎನ್ನುವುದಷ್ಟೇ ನನ್ನ ವಾದ.

ಇಷ್ಟಕ್ಕೆ ಇದು ಶಬ್ದಗಳ ಜಗಳವಾಗಿದ್ದರೆ ಪತ್ರಿಕೆಯ ಪುಟ ಕೆಡಿಸುತ್ತಿರಲಿಲ್ಲ. ಆದರೆ ಈ ಎರಡು ಬಗೆಯ ವಾಕ್ಯಗಳ ನಡುವೆ ಜಗತ್ತನ್ನು ನೋಡುವ ಎರಡು ಬಗೆಗಳಿವೆ. ‘ನಾನು ಬಯಸುತ್ತೇನೆ’ ಎಂಬಲ್ಲಿ ‘ನಾನು’ ಕರ್ತೃ. ಆಸೆ ನಾನು ಮಾಡುವ ಕೆಲಸ. ‘ನನಗೆ ಬೇಕು’ ಎಂಬಲ್ಲಿ ನಾನು ಚತುರ್ಥಿಯಲ್ಲಿ ಕೈಕಟ್ಟಿ ನಿಂತಿದ್ದೇನೆ; ಬೇಕು ಎಂಬುದು ನನಗೆ ಬಂದಿದೆ. ಹಸಿವಾದ ಹಾಗೆ, ನಿದ್ದೆ ಬಂದ ಹಾಗೆ, ಸಿಟ್ಟು ಬಂದ ಹಾಗೆ, ಜ್ವರ ಬಂದ ಹಾಗೆ. (ನಮ್ಮ ಕಡೆ ರೇಷ್ಮೆಹುಳುವಿಗೂ ಬೆಳೆಯುವಾಗ ನಾಲ್ಕು ಸಲ ಜ್ವರ ಬರುತ್ತದೆ, ಹುಳು ಪೊರೆ ಬಿಡುವುದಕ್ಕೆ ರೈತರು ಹೇಳುವ ಮಾತು ಅದು.) ಇದು ಕನ್ನಡದ ಒಂಟಿತನವೂ ಅಲ್ಲ. ತಮಿಳಿನ ‘ವೇಂಡುಂ’, ಮಲೆಯಾಳದ ‘ವೇಣಂ’ ನಮ್ಮ ಬೇಕುವಿನ ಒಡಹುಟ್ಟಿದವು, ಅವೂ ‘ನನಗೆ’ ಎಂದೇ ಕೇಳುತ್ತವೆ. ತೆಲುಗಿನ ‘ಕಾವಾಲಿ’, ಹಿಂದಿಯ ‘ಚಾಹಿಯೇ’ ಬೇರೆ ಮೂಲದವು, ಅವೂ ಹಾಗೆಯೇ. ಛಾಸರನ ಕಾಲದ ಇಂಗ್ಲಿಷಿನಲ್ಲಿ ಸಹ ಒಂದು ವಸ್ತು ‘ನನಗೆ ಹಿತವಾಗುತ್ತದೆ’ ಎನ್ನುವ ರೂಪವೇ ಬಳಕೆಯಲ್ಲಿತ್ತು; ಆಮೇಲೆ ಅವರು ಅದನ್ನು ಬಿಟ್ಟು ‘ನಾನು’ವನ್ನು ಪಟ್ಟಕ್ಕೇರಿಸಿದರು. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳದೆ ಇರಲಾರೆ. ಕನಕಪುರ ತಾಲೂಕಿನ ಮೇಕೆದಾಟುವಿನಲ್ಲಿ ಅಣೆಕಟ್ಟು ಬೇಕೆಂದು 2022ರ ಜನವರಿಯಲ್ಲಿ ಸಂಗಮದಿಂದ ಪಾದಯಾತ್ರೆ ಹೊರಟಿತು. ಗಡಿಯ ಆಚೆಯವರು ‘ವೇಂಡಾಂ’ ಎನ್ನುತ್ತಾರೆ, ಈಚೆಯವರು ‘ಬೇಕೇ ಬೇಕು’ ಎನ್ನುತ್ತಾರೆ. ಕಾವೇರಿಯ ಜಗಳವೂ ಒಂದೇ ಧಾತುವಿನ ಒಳಗೇ ನಡೆದಿದೆ.

ಬೇಕು ನಮಗೆ ಬರುವಂಥದು ಎನ್ನುವುದಕ್ಕೆ ಚನ್ನಪಟ್ಟಣಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೈಸೂರು ರಸ್ತೆಯ ಇಕ್ಕೆಲದಲ್ಲಿ ಬೊಂಬೆಯ ಅಂಗಡಿಗಳು. ಹಾಲೆಮರವನ್ನು ಕಡೆದು, ಅರಗಿನ ಬಣ್ಣವನ್ನು ತಿರುಗುವಾಗಲೇ ಹಿಡಿಸಿ ಮಾಡಿದ ಕೆಂಪು ಹಳದಿಯ ಕುದುರೆ, ಬುಗುರಿ, ಗಿಲಕಿ. ಬಸ್ಸು ನಿಧಾನವಾದರೆ ಸಾಕು, ಕಿಟಕಿಯ ಪಕ್ಕದ ಮಗುವಿಗೆ ‘ಬೇಕು’ ಬರುತ್ತಿತ್ತು. ಪಕ್ಕದ ತಂದೆಗೆ ‘ಬೇಡ’ ಬರುತ್ತಿತ್ತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಈಗ ಕಾರಿನಲ್ಲಿ ಹೋಗುವ ಮಗು ಬೊಂಬೆಯನ್ನು ಕಾಣುವುದಿಲ್ಲ, ಆದ್ದರಿಂದ ಅದಕ್ಕೆ ಬೇಕೂ ಇಲ್ಲ ಬೇಡವೂ ಇಲ್ಲ. ನಷ್ಟ ಯಾರದು ಎಂದು ಅಂಗಡಿಯವರನ್ನು ಕೇಳಿ.

ಈಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬನ್ನಿ. ಏಷ್ಯಾ ಖಂಡದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ. ಚಿಕ್ಕಂದಿನಲ್ಲಿ ತಂದೆಯ ಜೊತೆ ನಾನೂ ಗೂಡಿನ ಮೂಟೆಯ ಮೇಲೆ ಕುಳಿತು ಬಂದಿದ್ದೇನೆ. ಗೂಡನ್ನು ಸುರುವಿ, ರೀಲರುಗಳು ಬಂದು ಮುಷ್ಟಿಯಲ್ಲಿ ಹಿಡಿದು ಅಲುಗಿಸಿ ನೋಡಿ ಹರಾಜು ಕೂಗುವವರೆಗೆ ನಮ್ಮ ತಂದೆ ಒಂದು ತೊಟ್ಟು ಕಾಫಿ ಕುಡಿಯುತ್ತಿರಲಿಲ್ಲ. ಬೆಲೆ ಒಗ್ಗದಿದ್ದರೆ ಬೇಡ ಎನ್ನಬಹುದು, ಹಕ್ಕು ಉಂಟು. ಆದರೆ ಗೂಡಿನ ಒಳಗೆ ಜೀವವಿದೆ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬಂದರೆ ಎಳೆ ಕಡಿದುಹೋಗಿ ಗೂಡು ಬಿಚ್ಚಾಣಿಕೆಗೆ ಬಾರದು. ಭತ್ತದಂತೆ ಕಣಜಕ್ಕೆ ತುಂಬಿ ಬೆಲೆ ಏರುವವರೆಗೆ ಕಾಯುವ ಹಾಗಿಲ್ಲ. ಮನೆಗೆ ಬಂದು ತಾಯಿಗೆ ತಂದೆ ಹೇಳುತ್ತಿದ್ದುದು ಒಂದೇ ಮಾತು: “ಮಾರಬೇಕಾಯ್ತು.”

ಇಂಗ್ಲಿಷಿನ ಅರ್ಥಶಾಸ್ತ್ರದ ಪುಸ್ತಕದಲ್ಲಿ ಈ ಮನುಷ್ಯನಿಗೆ ಒಂದು ಹೆಸರಿದೆ: ಮಾರಲು ಇಚ್ಛೆಯುಳ್ಳವನು. ಕೊಳ್ಳಲು ಇಚ್ಛೆಯುಳ್ಳವನು ಅವನ ಎದುರು ನಿಲ್ಲುತ್ತಾನೆ, ಇಬ್ಬರ ಇಚ್ಛೆ ಸೇರಿದ ಕಡೆ ಬೆಲೆ ನಿಲ್ಲುತ್ತದೆ. ಇಚ್ಛೆ ಬೇರೆ ಅಗತ್ಯ ಬೇರೆ ಎಂದು ಕತ್ತರಿಸಿ ಎರಡು ಡಬ್ಬಿಗಳಲ್ಲಿ ತುಂಬಿದ ಭಾಷೆ ನಮ್ಮ ತಂದೆಯನ್ನು ತಪ್ಪು ಡಬ್ಬಿಗೆ ಹಾಕಿತು. ‘ಮಾರಬೇಕು’ ಎಂಬ ನಮ್ಮ ಮಾತು ಎರಡನ್ನೂ ಬೆರೆಸಿದೆ ಎಂದು ದೂರುತ್ತೀರಿ. ಬೆರೆತಿರುವುದು ಮಾತಿನಲ್ಲಲ್ಲ ಸ್ವಾಮಿ, ಬಾಳಿನಲ್ಲಿ. ದಿನಗೂಲಿಗೆ ಬದುಕುವವನ ಆಸೆಯೂ ಅಗತ್ಯವೂ ಒಂದೇ ಚೀಲದಲ್ಲಿ ಇರುತ್ತವೆ. ಅವನ ಭಾಷೆ ಅದನ್ನು ಇದ್ದಂತೆಯೇ ಹೇಳುತ್ತದೆ.

ಸರಕಾರದ ಕಾಗದಗಳು ಈ ಮಾತನ್ನು ಬಳಸುವ ರೀತಿ ಇದಕ್ಕಿಂತ ಕುತೂಹಲಕಾರಿ. 1894ರ ಭೂಸ್ವಾಧೀನ ಕಾಯಿದೆಯ ಕಾಲದಿಂದ ಪ್ರಕಟಣೆಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಇಂಥ ಸರ್ವೆ ನಂಬರಿನ ಜಮೀನು ಸಾರ್ವಜನಿಕ ಉದ್ದೇಶಕ್ಕೆ ಬೇಕಾಗಿದೆ. ಆ ಕಾಯಿದೆ ಹೋಗಿ 2013ರ ಕಾಯಿದೆ ಬಂದಿದೆ. ಕೆಲವು ಬಗೆಯ ಯೋಜನೆಗಳಿಗೆ ಜಮೀನು ಕಳೆದುಕೊಳ್ಳುವ ಕುಟುಂಬಗಳ ಒಪ್ಪಿಗೆಯೂ ಬೇಕೆಂದು ಅದು ಹೇಳುತ್ತದೆ. ಒಕ್ಕಣೆಯ ಜಾಯಮಾನ ಮಾತ್ರ ಬದಲಾಗಿಲ್ಲ. ಚತುರ್ಥಿಯ ಜಾಗದಲ್ಲಿ ಮನುಷ್ಯನೇ ಇಲ್ಲ, ‘ಉದ್ದೇಶಕ್ಕೆ’ ಬೇಕಾಗಿದೆ! ಕನ್ನಡದ ಬೇಕು ಸುಮ್ಮನೆ ಬಿಡುವ ಮಾತಲ್ಲ, ಯಾರಿಗೆ ಎಂದು ಕೇಳಿಯೇ ಕೇಳುತ್ತದೆ. ಬಿಡದಿಯ ಬಳಿ ಉಪನಗರ ಕಟ್ಟುವ ಯೋಜನೆಗೆ 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಪ್ರತಿಭಟನೆಗೆ ಕುಳಿತಾಗ ಕೇಳಿದ್ದೂ ಇದನ್ನೇ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವಷ್ಟು ನಾನು ಬಲ್ಲವನಲ್ಲ. ಜಮೀನು ಕೊಡಲು ಒಪ್ಪಿದವರೂ ಉಂಟು. ಆದರೆ ವಿಭಕ್ತಿಯನ್ನು ಬಲ್ಲೆ. ಅದೇ 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ‘ಬೆಂಗಳೂರು ದಕ್ಷಿಣ’ ಎಂದು ಬದಲಾಯಿಸಲಾಯಿತು. 2007ರಲ್ಲಿ ಹುಟ್ಟಿದ ಜಿಲ್ಲೆಗೆ ಹದಿನೆಂಟು ತುಂಬಿದಾಗ ಹೊಸ ನಾಮಕರಣ. ಬ್ರಿಟಿಷರ ಕಾಲದಲ್ಲಿ ಈ ಊರನ್ನು ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಅದು ಬೇಕಾಗಿದ್ದುದು ಕ್ಲೋಸ್ ಸಾಹೇಬರ ಕಡೆಯವರಿಗೆ ಎಂದು ಹೇಳುವುದು ಸುಲಭ. ಈ ಸಲ ‘ಯಾರಿಗೆ ಬೇಕಿತ್ತು?’ ಎಂದು ನಮ್ಮ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಕೊಡಲಿ. ಕೇಳುವ ಪ್ರಶ್ನೆ ಇನ್ನೂ ನಾಲಗೆಯ ಮೇಲಿದೆಯಲ್ಲ, ಅದೇ ಸಮಾಧಾನ. ನಾಳೆ ‘ಸರಕಾರವು ಬಯಸುತ್ತದೆ’, ‘ಅಭಿವೃದ್ಧಿಯು ಬಯಸುತ್ತದೆ’ ಎಂಬ ಕನ್ನಡ ಪೂರ್ತಿ ನೆಲೆಸಿದ ಮೇಲೆ ಆ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳುವುದು?

ಇಂಗ್ಲಿಷು ಕಲಿಸುವವರ ಮೇಲೆ ನನಗೆ ದ್ವೇಷವಿದೆ ಎಂದು ಯಾರೂ ತಿಳಿಯಬಾರದು. ವಾಂಟ್ ಎಲ್ಲಿ, ನೀಡ್ ಎಲ್ಲಿ ಎಂದು ಹುಡುಗರಿಗೆ ಕಲಿಸಲೇಬೇಕು. ಉದ್ಯೋಗದ ಸಂದರ್ಶನದಲ್ಲಿ ಅದು ತಪ್ಪಿದರೆ ನಗುವವರು ಹೆಚ್ಚು. ಆದರೆ ಅದನ್ನು ಕಲಿಸುವುದಕ್ಕೆ ಹುಡುಗನ ಮನೆಯ ಮಾತನ್ನು ಅವಮಾನಿಸಬೇಕಾಗಿಲ್ಲ. ‘ಎರಡಕ್ಕೂ ಬೇಕು ಅಂತೀವಿ’ ಎಂದ ಹುಡುಗ ಸರಿಯಾದ ಉತ್ತರವನ್ನೇ ಕೊಟ್ಟಿದ್ದ. ಹಾಗಾದರೆ ಹೋಗಬೇಕೆನಿಸುವುದಕ್ಕೂ ಹೋಗಬೇಕಾಗುವುದಕ್ಕೂ ಏನು ಭೇದ ಎಂದು ಮುಂದಿನ ಪ್ರಶ್ನೆ ಹಾಕಿದ್ದರೆ, ಅವನ ಬಾಯಿಂದಲೇ ವಾಂಟೂ ನೀಡೂ ಬೇರೆಬೇರೆಯಾಗಿ ಹೊರಬರುತ್ತಿದ್ದವು, ಇಂಗ್ಲಿಷ್ ಪಾಠ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನಮ್ಮ ಕಡೆಯ ಪಂಡಿತರಿಗೂ ಒಂದು ಮಾತು. ಕನ್ನಡ ಕಾಮಧೇನು, ಕಲ್ಪವೃಕ್ಷ ಎಂದು ನವೆಂಬರ್ ತಿಂಗಳಿನಲ್ಲಿ ಭಾಷಣ ಮಾಡಿ, ಮನೆಗೆ ಬಂದು ‘ತಮ್ಮ ಉಪಸ್ಥಿತಿಯನ್ನು ಬಯಸುತ್ತೇವೆ’ ಎಂದು ಆಮಂತ್ರಣ ಬರೆಯುವವರು ನಾವೇ ಅಲ್ಲವೆ?

ಮೊನ್ನೆ ಆ ಹುಡುಗ ವಿದ್ಯಾರ್ಥಿವೇತನದ ಅರ್ಜಿ ಹಿಡಿದುಕೊಂಡು ಅಧ್ಯಾಪಕರ ಕೊಠಡಿಗೆ ಬಂದಿದ್ದ. ಗೂಡಿನ ಬೆಲೆ ಇಳಿದು ಮನೆಯಲ್ಲಿ ಕಷ್ಟ. ಈ ವರ್ಷದ ಶುಲ್ಕ ಕಟ್ಟುವುದಕ್ಕೆ ಸಾಲದು. ಅರ್ಜಿಯಲ್ಲಿ ಅದರ ಸುಳಿವೇ ಇರಲಿಲ್ಲ. ‘ನಾನು ವಿದ್ಯಾರ್ಥಿವೇತನವನ್ನು ಪಡೆಯಲು ಬಯಸುತ್ತೇನೆ’ ಎಂದು ದುಂಡಗೆ ಬರೆದಿದ್ದ.

ಹೊಡೆದುಹಾಕಿ, “ಮನೆಯ ಸ್ಥಿತಿ ಬರಿ. ಆಮೇಲೆ, ‘ಆದ್ದರಿಂದ ನನಗೆ ವಿದ್ಯಾರ್ಥಿವೇತನ ಬೇಕಾಗಿದೆ’ ಅಂತ ಬರಿ” ಎಂದೆ.

“ಬೇಕು ಅಂದ್ರೆ ಸಿಟ್ಟಾಗಲ್ವಾ ಸಾರ್ ಅವರು?”

“ಅವರೇನು ಸಿಟ್ಟಾಗೋದು! ‘ಮಂಜೂರು ಮಾಡಬೇಕು’ ಅಂತ ಮುಗಿಸು.”

ಅವನು ನಿಂತುಕೊಂಡೇ ಮೇಜಿನ ಅಂಚಿನಲ್ಲಿ ಬರೆದ. ಬರೆದು ಮುಗಿಸಿ, ಪೆನ್ನನ್ನು ಹಾಗೆಯೇ ಹಿಡಿದು, “ಮುಂದೆ ಒಂದು ‘ದಯವಿಟ್ಟು’ ಹಾಕಲಾ ಸಾರ್?” ಎಂದು ಕೇಳಿದ. ಹಾಕು ಎಂದೆ. ಹಾಕಿ, ಅರ್ಜಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮಾಗಡಿಯ ಬಸ್ಸಿಗೆ ಓಡಿದ.